ತುಂಡು ಮೊದಲು ಹೋಗಲಿ, ರೋಗಿ ಆಮೇಲೆ

ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಸರ್, ನಾನು ಸಿಂಧನೂರು ಕಡೆಯವನು. ನಮ್ಮ ಸೋದರಮಾವನ ವಿಷಯ ಬರೆಯುತ್ತಿದ್ದೇನೆ. ಹೆಸರು ಬೇಡ. ಅವರಿಗೆ ಎಚ್‌ಐವಿ ಇದೆ, ಮನೆಯಲ್ಲಿ ಮಗಳ ಮದುವೆ ಬಾಕಿ ಇದೆ. ಊರು ಹೇಗೆ ಅಂತ ನಿಮಗೆ ಗೊತ್ತಲ್ಲ.

ಹೋದ ಬೇಸಿಗೆಯಲ್ಲಿ ಮಾವನ ಎಡಗಣ್ಣಿನ ರೆಪ್ಪೆ ಊದಿತು. ರೈಸ್‌ಮಿಲ್ ಹಮಾಲಿ ಅಲ್ವಾ, ಭತ್ತದ ಧೂಳು ಬಿದ್ದಿರಬೇಕು ಅಂದುಕೊಂಡೆವು. ಹತ್ತು ದಿನದಲ್ಲಿ ಗುಡ್ಡೆ ಮುಂದಕ್ಕೆ ಬಂತು, ಒಂದು ಎರಡಾಗಿ ಕಾಣತೊಡಗಿತು. ಅತ್ತೆ ಚಹಾ ಕೊಟ್ಟರೆ ಲೋಟದ ಪಕ್ಕಕ್ಕೆ ಕೈ ಹಾಕುತ್ತಿದ್ದರು. ಒಂದು ಕಡೆ ಸೋಂಕು ಅಂತ ಇಂಜೆಕ್ಷನ್ ಕೊಟ್ಟರು. ಇನ್ನೊಂದು ಕಡೆ 2021ರ ಬ್ಲ್ಯಾಕ್ ಫಂಗಸ್ ನೆನಪಿಸಿ ಹೆದರಿಸಿದರು. ಡಾಕ್ಟರನ್ನು ಬೈಯಲು ಈ ಪತ್ರ ಅಲ್ಲ. ಕಣ್ಣುಗೂಡು ಊದಿದರೆ ಯಾರೇ ಆದರೂ ಮೊದಲು ಸೋಂಕನ್ನೇ ನೆನೆಯುತ್ತಾರೆ. ಆದರೆ ಮೂರು ವಾರ ಹೋಯಿತು.

ಕೊನೆಗೆ ಬಯಾಪ್ಸಿ ಆಯಿತು. ಕ್ಯಾನ್ಸರ್ ಅನ್ನುವುದು ತಿಳಿಯಿತು, ಯಾವುದು ಅಂತ ತಿಳಿಯಲಿಲ್ಲ. ಅದಕ್ಕೆ ವಿಶೇಷ ಸ್ಟೇನಿಂಗ್, ಅಂದರೆ ತುಂಡಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ ಬೇಕಂತೆ, ಬೆಂಗಳೂರಿಗೆ ನೀವೇ ಒಯ್ಯಿರಿ ಎಂದು ಬಯಾಪ್ಸಿ ತುಂಡಿನ ಬ್ಲಾಕ್ ಕೈಗಿಟ್ಟರು. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೇಣದೊಳಗೆ ಅಕ್ಕಿಕಾಳಿನಷ್ಟು ಮಾಂಸ. 'ಬಿಸಿಲಿಗೆ ಇಡಬೇಡಿ' ಅಂದರು. ರಾಯಚೂರಿನ ಮೇ ತಿಂಗಳಲ್ಲಿ! ಚೀಲದಲ್ಲಿ ರೊಟ್ಟಿ ಗಂಟಿನ ಕೆಳಗಿಟ್ಟು ರಾತ್ರಿ ಬಸ್ ಹತ್ತಿದೆ.

ರಿಪೋರ್ಟಿನಲ್ಲಿದ್ದ ಹೆಸರು ಪ್ಲಾಸ್ಮಾಬ್ಲಾಸ್ಟಿಕ್ ಲಿಂಫೋಮಾ. ಲಿಂಫೋಮಾ ಅಂದರೆ ಬಿಳಿ ರಕ್ತಕಣಗಳಿಂದ ಹುಟ್ಟುವ ಕ್ಯಾನ್ಸರ್. ಮಾವನಿಗೆ ಬಂದ ಈ ಬಗೆಯನ್ನು ಬೇರೆ ರೋಗ ಅಂತ ಗುರುತಿಸಿದ್ದು 1997ರಲ್ಲಿ, ಎಚ್‌ಐವಿ ಇದ್ದವರ ಬಾಯಿಯಲ್ಲಿ. ಕಣ್ಣುಗೂಡಿನಲ್ಲಿ ಬರುವುದು ತೀರಾ ಅಪರೂಪ. ಬಂದರೆ ಕೆಲವೇ ವಾರಗಳಲ್ಲಿ ಬೆಳೆಯುತ್ತದೆ. ಬಹಳಷ್ಟು ಲಿಂಫೋಮಾಗಳಲ್ಲಿ ಸಿಡಿ20 ಎಂಬ ಗುರುತು ಇರುತ್ತದೆ, ರಿಟುಕ್ಸಿಮಾಬ್ ಔಷಧಿ ಅದನ್ನೇ ಹಿಡಿದು ಹೊಡೆಯುತ್ತದೆ. ಇದರಲ್ಲಿ ಸಾಮಾನ್ಯವಾಗಿ ಆ ಗುರುತೇ ಇರುವುದಿಲ್ಲ. ಸಿಡಿ138 ಮುಂತಾದ ಬೇರೆ ಗುರುತುಗಳನ್ನು ಸ್ಟೇನಿಂಗ್‌ನಲ್ಲಿ ಹುಡುಕಬೇಕು. ಅಂದರೆ ಸ್ಟೇನಿಂಗ್ ಆಗದೆ ಯಾವ ಕೀಮೋ ಅಂತಲೇ ತೀರ್ಮಾನವಾಗುವುದಿಲ್ಲ.

ಪ್ರತಿ ಜಿಲ್ಲೆಗೂ ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆ ಕೊಡಿ ಅಂತ ಕೇಳುತ್ತಿಲ್ಲ. ಬ್ಲಾಕ್ ಒಯ್ಯುವ ಕೆಲಸ ಆಸ್ಪತ್ರೆಯದಾಗಲಿ. ಬೆಳಿಗ್ಗೆ ಕೊರಿಯರ್, ರಿಪೋರ್ಟ್ ಮೊಬೈಲಿಗೆ. ಕೂಲಿ ಬಿಟ್ಟು ಸುಮ್ನೆ ಎರಡು ಸಲ ಬೆಂಗಳೂರಿಗೆ ಓಡಾಡುವುದು ತಪ್ಪುತ್ತದೆ. ಸಂವಿಧಾನದ 371(ಜೆ) ವಿಶೇಷ ಸ್ಥಾನಮಾನ ಬಂದಮೇಲೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಅಂತಲೇ ದುಡ್ಡು ಬರುತ್ತಿದೆ, ಅದರಲ್ಲಿ ಇದಕ್ಕೆಷ್ಟು ಬೇಕಾದೀತು? ಇನ್ನೊಂದು ಮಾತು. ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಮಾವ ತಿಂಗಳು ತಿಂಗಳು ಮಾತ್ರೆಗೆ ಹೋಗುತ್ತಿದ್ದರು. ಕಣ್ಣು, ಬಾಯಿ, ಗಂಟು ಏನಾದರೂ ಊದಿದೆಯಾ ಅಂತ ಅಲ್ಲಿ ಒಂದು ಪ್ರಶ್ನೆ ಸೇರಿಸಲು ಖರ್ಚೇನೂ ಇಲ್ಲ.

ಮಾವನಿಗೆ ನಾಲ್ಕನೇ ಕೀಮೋ ಮುಗಿದಿದೆ. ಎಡಗಣ್ಣಿಗೆ ಬೆಳಕಷ್ಟೇ ಗೊತ್ತಾಗುತ್ತದೆ. ಜಿಲ್ಲೆಯ ಕೆಲಸಗಳ ಪರಿಶೀಲನೆ ನಡೆಸುವ ಮುಂದಿನ ಕೆಡಿಪಿ ಸಭೆಯಲ್ಲಿ ಅಧಿಕಾರಿಗಳನ್ನು ಒಂದೇ ಒಂದು ಪ್ರಶ್ನೆ ಕೇಳಿ ಸರ್: ನಮ್ಮ ಜಿಲ್ಲೆಯಲ್ಲಿ ಬಯಾಪ್ಸಿ ಬ್ಲಾಕನ್ನು ಬೆಂಗಳೂರಿಗೆ ಯಾರು ಒಯ್ಯುತ್ತಾರೆ?

ಇಂತಿ,
ಸಿಂಧನೂರು ತಾಲ್ಲೂಕಿನ ಒಬ್ಬ ಅಳಿಯ