ಮಂಡಿಯ ಗೆಳೆಯನಿಗೆ, ಜಾರ್ಜಿಯಾದ ಶೇಂಗಾ ಊರಿನ ಸುದ್ದಿ

ಪ್ರೀತಿಯ ಗೆಳೆಯಾ,

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಊರಿಗೆ ಹೋಗಿ ಬಂದೆ ಎಂದು ಫೋಟೊ ಕಳುಹಿಸಿದರೆ ನೀನು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕಾಯಿಗೆ ಏನು ರೇಟು?" ಚಳ್ಳಕೆರೆಯ ಶೇಂಗಾ ಮಂಡಿಯವನಿಂದ ಇನ್ನೇನು ನಿರೀಕ್ಷಿಸಲಿ! ರೇಟಿನ ಮಾತು ಆಮೇಲೆ. ಮೊದಲು ಊರಿನ ವಿಷಯ ಕೇಳು.

ಪ್ಲೇನ್ಸ್ ಎಂಬ ಈ ಊರು ಜಾರ್ಜಿಯಾ ರಾಜ್ಯದ ನೈಋತ್ಯ ಭಾಗದಲ್ಲಿದೆ. ಅಟ್ಲಾಂಟಾದಿಂದ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆ. 2020ರ ಜನಗಣತಿಯ ಪ್ರಕಾರ ಜನಸಂಖ್ಯೆ 573. ಇಷ್ಟು ಜನರಿದ್ದರೆ ನಮ್ಮ ಕಡೆ ಹಟ್ಟಿ ಎನ್ನುತ್ತೇವೆ, ಇಲ್ಲಿ ಅದಕ್ಕೊಬ್ಬ ಮೇಯರ್ ಇರುತ್ತಾರೆ. ಪೇಟೆ ಎಂದರೆ ರೈಲು ಹಳಿಗೆ ಮುಖ ಮಾಡಿ ನಿಂತ ಇಟ್ಟಿಗೆ ಕಟ್ಟಡಗಳ ಒಂದೇ ಸಾಲು. ಅದರ ನೆತ್ತಿಯ ಮೇಲೆ ಉದ್ದದ ಫಲಕ: ನಮ್ಮ 39ನೆಯ ಅಧ್ಯಕ್ಷರ ಊರು. ಅಂಗಡಿಯೊಂದರಲ್ಲಿ ಶೇಂಗಾ ಐಸ್‌ಕ್ರೀಮ್ ಸಿಗುತ್ತದೆ. ತಿಂದೆ. ನೀನು ಮೂಗು ಮುರಿಯಬಹುದು, ನನಗಂತೂ ಹಿಡಿಸಿತು. ಊರಾಚೆ ಹದಿಮೂರು ಅಡಿ ಎತ್ತರದ ಶೇಂಗಾ ಕಾಯಿಯೊಂದು ಹಲ್ಲು ಕಿರಿದು ನಿಂತಿದೆ. 1976ರ ಚುನಾವಣೆ ಸಮಯದಲ್ಲಿ ಇಂಡಿಯಾನಾ ರಾಜ್ಯದ ಬೆಂಬಲಿಗರು ಮಾಡಿಸಿದ್ದು. ಹಲ್ಲುಗಳಲ್ಲಿ ಕಾರ್ಟರ್ ಹೋಲಿಕೆ ಇದೆ, ಚೆಂದವಂತೂ ಇಲ್ಲ.

ಈ ನೆಲ ಮೊದಲು ಮಸ್ಕೋಗಿ ಎಂಬ ಮೂಲನಿವಾಸಿ ಜನರದ್ದು. 1820ರ ದಶಕದ ಒಪ್ಪಂದಗಳಲ್ಲಿ ಅದನ್ನು ಅವರಿಂದ ಕಿತ್ತುಕೊಂಡ ಸರ್ಕಾರ 1827ರಲ್ಲಿ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. ನಿಜವಾದ ಲಾಟರಿ, ಚೀಟಿ ಹಾಕಿ ಎತ್ತಿದ್ದು! ಆಮೇಲೆ ಹತ್ತಿ ಬಂತು, ಹತ್ತಿಯ ಜೊತೆಗೆ ಗುಲಾಮಗಿರಿ. ಬೈಬಲಿನಲ್ಲಿ ಬರುವ ದೂರಾ ಬಯಲಿನ ಹೆಸರು ಹೊತ್ತಿದ್ದ ಹಳ್ಳಿ 1880ರ ದಶಕದಲ್ಲಿ ರೈಲು ಬಂದಾಗ ಹಳಿಯ ಪಕ್ಕಕ್ಕೆ ಎದ್ದು ಬಂತು, 'ಪ್ಲೇನ್ಸ್ ಆಫ್ ದೂರಾ' ಎಂಬ ಹೆಸರೂ ಬರೀ ಪ್ಲೇನ್ಸ್ ಎಂದು ಮೊಟಕಾಯಿತು. 1888ರ ಮರದ ರೈಲು ನಿಲ್ದಾಣ ಇನ್ನೂ ಇದೆ. ಕಾರ್ಟರ್ ಅದನ್ನೇ ಚುನಾವಣಾ ಕಚೇರಿ ಮಾಡಿಕೊಂಡರು. ಕಾರಣ ಬಹಳ ಸರಳ: ಊರಲ್ಲಿ ಖಾಲಿ ಇದ್ದು, ಶೌಚಾಲಯವೂ ಇದ್ದ ಕಟ್ಟಡ ಅದೊಂದೇ.

ಹತ್ತಿಯಿಂದ ಶೇಂಗಾಕ್ಕೆ ಬರಲು ಒಂದು ಹುಳು ಬೇಕಾಯಿತು. ಬೋಲ್ ವೀವಿಲ್ ಎಂಬ ಮೂತಿಹುಳು 1910ರ ದಶಕದಲ್ಲಿ ಜಾರ್ಜಿಯಾಕ್ಕೆ ನುಗ್ಗಿ ಹತ್ತಿ ಬೆಳೆಯನ್ನು ನೆಲ ಕಚ್ಚಿಸಿತು. ಕಾರ್ಟರ್ ಹುಡುಗನಾಗಿದ್ದಾಗ ಅದಕ್ಕಿದ್ದ ಔಷಧ ಏನು ಗೊತ್ತೇ? ಕಾಕಂಬಿ, ನೀರು ಮತ್ತು ಆರ್ಸೆನಿಕ್ ವಿಷ ಕಲಸಿ, ಕೋಲಿಗೆ ಚಿಂದಿ ಕಟ್ಟಿ, ಸಾಲು ಸಾಲಾಗಿ ಗಿಡದ ಕುಡಿಗಳಿಗೆ ಸವರುವುದು. ಕೆಲಸ ಹುಡುಗರದ್ದು. ನೊಣಗಳು ಬೆನ್ನು ಹತ್ತುತ್ತಿದ್ದವು. ಕಾಕಂಬಿ ಒಣಗಿ ಪ್ಯಾಂಟು ಎಷ್ಟು ಬಿರುಸಾಗುತ್ತಿತ್ತೆಂದರೆ ರಾತ್ರಿ ಬಿಚ್ಚಿಟ್ಟರೆ ತಾನೇ ನಿಲ್ಲುತ್ತಿತ್ತು ಎಂದು ಕಾರ್ಟರ್ ಬರೆದುಕೊಂಡಿದ್ದಾರೆ. ಇದನ್ನು ಓದಿದಾಗ ಎಂಡ್ರಿನ್ ಕೀಟನಾಶಕದ ಡಬ್ಬಿ ಹಿಡಿದು ಹೊಲಕ್ಕೆ ಹೋಗುತ್ತಿದ್ದ ನನ್ನ ಚಿಕ್ಕಪ್ಪ ನೆನಪಾದರು. ಹುಳದ ಮುಂದೆ ಹತ್ತಿ ಸೋಲುತ್ತ ಬಂದ ಹಾಗೆ ಶೇಂಗಾ ಹೊಲ ಹೆಚ್ಚಿತು. ಇವತ್ತು ಅಮೆರಿಕದ ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ರಾಜ್ಯದ್ದು.

ಕಾರ್ಟರ್ ಬೆಳೆದ ಹೊಲಮನೆ ಇರುವುದು ಪ್ಲೇನ್ಸ್‌ನಲ್ಲಲ್ಲ, ಪಶ್ಚಿಮಕ್ಕೆ ಮೂರು ಮೈಲಿಯೊಳಗಿನ ಆರ್ಚರಿ ಎಂಬ ಜಾಗದಲ್ಲಿ. ಈಗ ಅದು ರಾಷ್ಟ್ರೀಯ ಸ್ಮಾರಕದ ಭಾಗ. ನೀರೆತ್ತಲು ಗಾಳಿಯಂತ್ರ ಬಂದಿದ್ದು 1935ರಲ್ಲಿ, ವಿದ್ಯುತ್ ಬಂದಿದ್ದು 1938ರಲ್ಲಿ. ಮನೆಯ ಪಕ್ಕದಲ್ಲೇ ಅಪ್ಪ ಅರ್ಲ್ ಕಾರ್ಟರ್ ನಡೆಸುತ್ತಿದ್ದ ಪುಟ್ಟ ಅಂಗಡಿ ಇದೆ. ಗೆಳೆಯಾ, ನಾನು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಸೀಮೆಎಣ್ಣೆ, ಸಕ್ಕರೆ, ನಶ್ಯ, ಕೆಲಸದ ಬಟ್ಟೆ, ಹೀಗೆ ಕೂಲಿಯವರಿಗೂ ಪಾಲುದಾರ ರೈತರಿಗೂ ಬೇಕಾದುದೆಲ್ಲ ಅಲ್ಲಿ ಸಿಗುತ್ತಿತ್ತು. ಹೆಚ್ಚಿನವರು ಕಪ್ಪು ಜನ. ಅಮೆರಿಕದ ದಕ್ಷಿಣದ ತುಂಬ ನಡೆಯುತ್ತಿದ್ದ ಪದ್ಧತಿ ಹೀಗೆ: ಭೂಮಿ, ಹೇಸರಗತ್ತೆ, ಬೀಜ, ಗೊಬ್ಬರ ಧಣಿಯದ್ದು, ಬೆವರು ರೈತನದ್ದು, ಬೆಳೆ ಅರ್ಧರ್ಧ. ವರ್ಷವಿಡೀ ಅಂಗಡಿಯಲ್ಲಿ ಸಾಲ, ಸುಗ್ಗಿಯಾದ ಮೇಲೆ ಲೆಕ್ಕ. ಲೆಕ್ಕ ಬರೆಯುವವನು ಧಣಿ. ಸಾಲ ಕಳೆದು ಕೈಗೆ ಏನಾದರೂ ಉಳಿದರೆ ಅದೃಷ್ಟ, ಇಲ್ಲದಿದ್ದರೆ ಬಾಕಿ ಮುಂದಿನ ವರ್ಷಕ್ಕೆ.

ಇದು ನಿನಗೆ ಹೊಸದೇ? ಬಿತ್ತನೆಗೆ ಮುಂಗಡ ಕೊಟ್ಟ ಮಂಡಿಗೇ ಕಾಯಿ ಹಾಕಬೇಕು ಎಂಬ ಕಟ್ಟುಪಾಡಿಗೆ ನಮ್ಮಪ್ಪನಂಥವರು ಎಷ್ಟು ಜನ ಬಿದ್ದಿದ್ದರು ನೋಡು. ಸಿಟ್ಟು ಮಾಡಿಕೊಳ್ಳಬೇಡ, ನಿಮ್ಮ ತಾತ ಒಳ್ಳೆಯವರೇ. ಅರ್ಲ್ ಕಾರ್ಟರ್ ಕೂಡ ಒಳ್ಳೆಯ ಧಣಿ ಎಂದೇ ಹೆಸರಾಗಿದ್ದವರು. ಆದರೆ ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿದ್ದಾಗ ಒಳ್ಳೆಯತನಕ್ಕೂ ಒಂದು ಮಿತಿ ಇರುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಒಪ್ಪುತ್ತೇನೆ: ಚಳ್ಳಕೆರೆಯ ರೈತನಿಗೆ ತುಂಡಾದರೂ ಸ್ವಂತ ಹೊಲವಿತ್ತು, ಮತ ಹಾಕುವ ಹಕ್ಕಿತ್ತು. ಆರ್ಚರಿಯ ಕಪ್ಪು ಒಕ್ಕಲಿಗೆ ಎರಡೂ ದೂರ.

ಒಂದು ಘಟನೆ ಹೇಳಲೇಬೇಕು. 1938ರ ಜೂನ್‌ನಲ್ಲಿ ಕಪ್ಪು ಬಾಕ್ಸರ್ ಜೋ ಲೂಯಿಸ್ ಮತ್ತು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ನಡುವೆ ಪಂದ್ಯ. ರೇಡಿಯೊ ಕೇಳಬಹುದೇ ಎಂದು ಅಕ್ಕಪಕ್ಕದ ಕಪ್ಪು ಜನ ಕೇಳಿಕೊಂಡರು. ಅರ್ಲ್ ರೇಡಿಯೊವನ್ನು ಕಿಟಕಿಯಲ್ಲಿಟ್ಟರು, ಅವರು ಅಂಗಳದಲ್ಲಿ ನಿಂತರು. ಮೊದಲ ಸುತ್ತಿನಲ್ಲೇ ಶ್ಮೆಲಿಂಗ್ ನೆಲಕ್ಕುರುಳಿದ. ಅಂಗಳದಲ್ಲಿ ಒಂದು ಸದ್ದಿಲ್ಲ. ಧಣಿಗೆ ಧನ್ಯವಾದ ಹೇಳಿ, ಸಾಲಾಗಿ ರಸ್ತೆ ದಾಟಿ, ರೈಲು ಹಳಿ ದಾಟಿ, ತಮ್ಮ ಮನೆಯೊಂದರೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಎದ್ದ ಕೇಕೆ ರಾತ್ರಿಯೆಲ್ಲ ನಡೆಯಿತಂತೆ. ಕಾರ್ಟರ್‌ಗೆ ಆಗ ಹದಿಮೂರು ವರ್ಷ. ಆ ಊರು ಹೇಗೆ ನಡೆಯುತ್ತಿತ್ತು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಪ್ರವಾಸಿಗರ ಮುಂದೆ ಊರು ಬಹಳ ಸೌಮ್ಯ. ಎದುರು ಸಿಕ್ಕವರೆಲ್ಲ ಕೈ ಎತ್ತಿ ಮಾತನಾಡಿಸುತ್ತಾರೆ. ಆದರೆ 1976ರಲ್ಲಿ, ಮತದಾನಕ್ಕೆ ಎರಡು ದಿನ ಇರುವಾಗ, ಕಪ್ಪು ಪಾದ್ರಿಯೊಬ್ಬರು ಸದಸ್ಯರಾಗಲು ಬರುತ್ತಾರೆಂದು ಇಲ್ಲಿನ ಬ್ಯಾಪ್ಟಿಸ್ಟ್ ಚರ್ಚು ಭಾನುವಾರದ ಪ್ರಾರ್ಥನೆಯನ್ನೇ ರದ್ದು ಮಾಡಿತ್ತು. ಆ ಜಗಳದಲ್ಲಿ ಚರ್ಚು ಒಡೆದು ಹುಟ್ಟಿದ ಮರನಾಥ ಚರ್ಚಿನಲ್ಲೇ ಕಾರ್ಟರ್ ಮುಂದೆ ದಶಕಗಳ ಕಾಲ ಭಾನುವಾರದ ಪಾಠ ಹೇಳಿದರು. ಹತ್ತು ಮೈಲಿ ದೂರದ ಅಮೆರಿಕಸ್ ಪಟ್ಟಣದಲ್ಲಿ 1963ರಲ್ಲಿ ಪ್ರತಿಭಟಿಸಿದ ಕಪ್ಪು ಬಾಲಕಿಯರನ್ನು ಪಕ್ಕದ ಜಿಲ್ಲೆಯ ಹಳೆಯ ಬಂದೀಖಾನೆಯಲ್ಲಿ ವಾರಗಟ್ಟಲೆ ಕೂಡಿಹಾಕಿದ್ದರು. ಹಾಗೆಂದು ಎಲ್ಲರೂ ಒಂದೇ ಎನ್ನಲಾಗದು. ಅದೇ ಸೀಮೆಯಲ್ಲಿ 1942ರಿಂದ ಕೊಯ್ನೊನಿಯಾ ಎಂಬ ಹೊಲವಿದೆ. ಅಲ್ಲಿ ಕಪ್ಪು ಬಿಳಿ ಇಬ್ಬರೂ ಒಂದೇ ಮೇಜಿನಲ್ಲಿ ಉಣ್ಣುತ್ತಿದ್ದರು. ಅದಕ್ಕೇ ಬಾಂಬು ಬಿದ್ದವು, ಪೇಟೆಯವರು ವ್ಯಾಪಾರ ನಿಲ್ಲಿಸಿದರು. ಅವರು ಅಂಚೆಯ ಮೂಲಕ ಅಕ್ರೋಟಿನಂಥ ಪೀಕಾನ್ ಬೀಜ ಮಾರಿ ಬದುಕಿಕೊಂಡರು.

ನಿನ್ನ ರೇಟಿಗೆ ಬರುತ್ತೇನೆ. ನಾನು ಹೋದದ್ದು ಸೆಪ್ಟೆಂಬರ್ ಕೊನೆ, ಕೀಳುವ ಕಾಲ. ಯಂತ್ರವೊಂದು ಗಿಡವನ್ನು ಬೇರುಸಹಿತ ಎತ್ತಿ, ಮಣ್ಣು ಕೊಡವಿ, ಕಾಯಿ ಮೇಲಾಗುವಂತೆ ಮಗುಚಿ ಹಾಕುತ್ತದೆ. ಎರಡು ಮೂರು ದಿನ ಬಿಸಿಲು ತಿಂದ ಮೇಲೆ ಇನ್ನೊಂದು ಯಂತ್ರ ಕಾಯಿ ಬಿಡಿಸುತ್ತದೆ. ಕಣವಿಲ್ಲ, ಬಣವೆಯಿಲ್ಲ, ಕಾಯಿ ಬಿಡಿಸುತ್ತ ಊರ ಸುದ್ದಿಯನ್ನೆಲ್ಲ ಸುಲಿಯುವ ಹೆಂಗಸರಿಲ್ಲ. ಬಂಡಿಗಳಲ್ಲೇ ಬಿಸಿಗಾಳಿ ಹಾಯಿಸಿ ತೇವಾಂಶವನ್ನು ಶೇಕಡ ಹತ್ತರ ಆಸುಪಾಸಿಗೆ ಇಳಿಸುತ್ತಾರೆ. ಮಾರುವ ಜಾಗದಲ್ಲಿ ಬಂಡಿಯೊಳಕ್ಕೆ ಉದ್ದದ ಕೊಳವೆ ಇಳಿಸಿ ಮಾದರಿ ತೆಗೆದು, ಸುಲಿದು, ಗಟ್ಟಿ ಬೀಜ ಎಷ್ಟು, ಜೊಳ್ಳೆಷ್ಟು, ಮಣ್ಣು ಕಡ್ಡಿ ಎಷ್ಟು ಎಂದು ಸರ್ಕಾರಿ ಪರೀಕ್ಷಕರು ತೂಕ ಹಾಕುತ್ತಾರೆ. ದರ ನಿಲ್ಲುವುದು ಆ ಚೀಟಿಯ ಮೇಲೆ. ಒಂದು ಹಿಡಿ ಕಾಯಿ ಅಂಗೈಯಲ್ಲಿ ಒಡೆದು ಕಣ್ಣಳತೆಯಲ್ಲೇ ಹೇಳಿಬಿಡುವ ನಿನ್ನ ವಿದ್ಯೆಗೆ ಇಲ್ಲಿ ಕೆಲಸವಿಲ್ಲ. ಎಣ್ಣೆಗೂ ಬೇಡಿಕೆ ಕಡಿಮೆ. ಹೆಚ್ಚಿನ ಬೀಜ ಬೆಣ್ಣೆಯಂತೆ ಅರೆದು ಬ್ರೆಡ್ಡಿಗೆ ಹಚ್ಚುವ ಡಬ್ಬಿ ಸೇರುತ್ತದೆ.

ನಿಮ್ಮಮ್ಮನಿಗೆ ಹೇಳಲು ಒಂದು ಸುದ್ದಿ: ಕಾರ್ಟರ್ ಅವರ ತಾಯಿ ಲಿಲಿಯನ್ ನರ್ಸ್ ಆಗಿದ್ದವರು. 1966ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ, ಪೀಸ್ ಕೋರ್ ಎಂಬ ಅಮೆರಿಕ ಸರ್ಕಾರದ ಸೇವಾ ಸಂಸ್ಥೆಯ ಸ್ವಯಂಸೇವಕಿಯಾಗಿ ಮುಂಬಯಿಯ ವಿಕ್ರೋಲಿಗೆ ಬಂದು ಎರಡು ವರ್ಷದ ಹತ್ತಿರ ರೋಗಿಗಳ ಸೇವೆ ಮಾಡಿದ್ದರು. ಮಗ 2024ರ ಡಿಸೆಂಬರ್‌ನಲ್ಲಿ ನೂರು ತುಂಬಿಸಿ ತೀರಿಕೊಂಡರು. 1961ರಲ್ಲಿ ಕಟ್ಟಿದ ಮನೆಯ ಅಂಗಳದಲ್ಲೇ ಹೆಂಡತಿಯ ಪಕ್ಕದಲ್ಲಿ ಸಮಾಧಿ. ಅಧ್ಯಕ್ಷ ಪದವಿ ಮುಗಿಸಿ ಅದೇ ಮನೆಗೆ ಮರಳಿದ್ದರು ಎನ್ನುವುದೇ ನನಗೆ ಅವರ ಮೇಲಿನ ಗೌರವಕ್ಕೆ ಸಾಕಾದ ಕಾರಣ.

ಇನ್ನು ಒಂದು ಕೆಲಸ ಹಚ್ಚುತ್ತೇನೆ. ಮಂಡಿಯ ಅಟ್ಟದ ಮೇಲೆ ನಿಮ್ಮ ತಾತನ ಕಾಲದ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕಗಳಿದ್ದವಲ್ಲ, ಅವನ್ನು ರದ್ದಿಗೆ ಹಾಕಬೇಡ. ಸಂಕ್ರಾಂತಿಗೆ ಬಂದಾಗ ಕುಳಿತು ಒಂದೊಂದೇ ಪುಟದ ಫೋಟೊ ತೆಗೆಯೋಣ. ನಮ್ಮಪ್ಪನ ಹೆಸರಿನ ಪುಟ ಸಿಕ್ಕರೆ ಬಡ್ಡಿ ಎಷ್ಟು ಹಾಕಿದ್ದರು ಎಂದು ನಿನ್ನೆದುರೇ ಲೆಕ್ಕ ಮಾಡುತ್ತೇನೆ, ಚಹಾ ಮಾತ್ರ ನಿನ್ನದು.

ನಿನ್ನ,
ಅಟ್ಲಾಂಟಾದ ಗೆಳೆಯ