ಕರಗುವ ಕವರ್ ಯಾವ ಬುಟ್ಟಿಗೆ ಹಾಕಬೇಕು?

ಮಾನ್ಯ ಸಂಪಾದಕರೇ,

ಬೆಂಗಳೂರಿನ ತರಕಾರಿ ಅಂಗಡಿ, ಬೇಕರಿಗಳಲ್ಲಿ ಈಗ 'ಕಾಂಪೋಸ್ಟಬಲ್', ಅಂದರೆ ಕೊಳೆತು ಗೊಬ್ಬರವಾಗಬಲ್ಲದ್ದು, ಅಂತ ಬರೆದ ಕವರ್ ಕೊಡುತ್ತಾರೆ. ಮುಟ್ಟಿದರೆ ಮೆತ್ತಗಿರುತ್ತೆ, ಎರಡು ಕೆಜಿ ಈರುಳ್ಳಿ ಹಾಕಿದರೆ ಜಗ್ಗುತ್ತೆ. ಮಣ್ಣಲ್ಲಿ ತಾನಾಗಿ ಕರಗಿಹೋಗುತ್ತೆ ಅನ್ನೋದು ಎಲ್ಲರ ನಂಬಿಕೆ. ಅಷ್ಟು ಸುಲಭ ಅಲ್ಲ.

ಇಂಥ ಕವರ್, ಲೋಟಗಳಲ್ಲಿ ಬಳಸೋ ಪಿಎಲ್ಎ ಅನ್ನೋ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಬರುತ್ತೆ, ನಿಜ. ಆದರೆ ಅದು ಬೇಗ ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಬಿಸಿ, ತೇವ, ಗಾಳಿ ಮೂರೂ ಬೇಕು. ಅಂಥ ಬಿಸಿ ದೊಡ್ಡ ಗೊಬ್ಬರ ಘಟಕದ ರಾಶಿಯಲ್ಲಿ ಸಿಗುತ್ತೆ, ರಾಜಕಾಲುವೆಯಲ್ಲಿ ಸಿಗಲ್ಲ. ಕೆರೆಗೆ ಬಿದ್ದ ಪಿಎಲ್ಎ ಲೋಟ ವರ್ಷಗಟ್ಟಲೆ ಹಾಗೇ ಇರುತ್ತೆ.

ನಮ್ಮ ಬೀದಿಯಲ್ಲಿ ಆಗ್ತಿರೋದು ಕೇಳಿ. ಹಸಿ ಕಸದ ಜೊತೆ ಈ ಕವರ್ ಹಾಕಿದರೆ ಕಸದ ಗಾಡಿಯ ಅಕ್ಕ ಅದನ್ನು ಕೈಯಿಂದ ಎಳೆದು ಪಕ್ಕಕ್ಕೆ ಎಸೆಯುತ್ತಾರೆ, ಹಸಿ ಕಸದಲ್ಲಿ ಪ್ಲಾಸ್ಟಿಕ್ ಹಾಕಬೇಡಿ ಅಂತ ಗದರುತ್ತಾರೆ. ಅವರದು ತಪ್ಪಲ್ಲ, ನೋಡೋಕೆ ಎರಡೂ ಒಂದೇ ಥರ ಇದ್ದರೆ ಅವರಾದರೂ ಏನು ಮಾಡಬೇಕು? ಸರಿ ಅಂತ ಒಣ ಕಸಕ್ಕೆ ಹಾಕಿದರೆ ಅಲ್ಲೂ ತೊಂದರೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಜೊತೆ ಪಿಎಲ್ಎ ಸೇರಿದರೆ, ಅದು ಕಡಿಮೆ ಬಿಸಿಗೇ ಕರಗಿ ಅಂಟಿಕೊಂಡು ಇಡೀ ಮಾಲು ಕೆಡುತ್ತೆ.

2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆಗಳ ಮೇಲೆ ದೇಶದಲ್ಲೆಲ್ಲ ನಿಷೇಧ ಇದೆ. ಕೇಂದ್ರದ ನಿಯಮದ ಪ್ರಕಾರ ಮಾಮೂಲಿ ಪ್ಲಾಸ್ಟಿಕ್ ಕೈಚೀಲ ಕನಿಷ್ಠ 120 ಮೈಕ್ರಾನ್ ದಪ್ಪ ಇರಲೇಬೇಕು. ಕಾಂಪೋಸ್ಟಬಲ್ ಚೀಲಕ್ಕೆ ಈ ದಪ್ಪದ ನಿಯಮ ಇಲ್ಲ, ಬದಲಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಹೀಗಿರುವಾಗ ತೆಳು ಪ್ಲಾಸ್ಟಿಕ್ ಮೇಲೆ ಸುಮ್ನೆ ಹಸಿರು ಎಲೆ ಅಚ್ಚು ಹಾಕಿ ಮಾರೋದು ಎಷ್ಟು ಸುಲಭ ನೋಡಿ. ತಪಾಸಣೆಗೆ ಬರೋರು ದಪ್ಪ ಅಳೆದರೆ ಸಾಲದು, ಪ್ರಮಾಣಪತ್ರವನ್ನೂ ಕೇಳಬೇಕು.

ಈ ಪಾಲಿಮರ್ ಬೇಡ ಅಂತ ನಾನು ಹೇಳ್ತಿಲ್ಲ. ಸಾಂಬಾರು, ಪಲ್ಯ ಅಂಟಿದ ಪಾರ್ಸೆಲ್ ಕವರನ್ನು ತೊಳೆದು ಮರುಬಳಕೆ ಮಾಡೋರು ಯಾರೂ ಇಲ್ಲ. ಊಟದ ಸಮೇತ ಗೊಬ್ಬರಕ್ಕೆ ಹೋಗೋ ಕವರ್ ಅಲ್ಲಿ ನಿಜವಾಗಿ ಬೇಕು. ತಟ್ಟೆಗೆ ಅಡಿಕೆ ಹಾಳೆ, ಮುತ್ತುಗದ ಎಲೆ ಇದ್ದೇ ಇದೆಯಲ್ವಾ, ಅದಕ್ಕೆ ಯಾವ ಪಾಲಿಮರೂ ಬೇಕಿಲ್ಲ.

ಪಾಲಿಕೆಯವರು ಮೊದಲು ಈ ಕವರ್ ಯಾವ ಬುಟ್ಟಿಗೆ ಅಂತ ಸ್ಪಷ್ಟವಾಗಿ ಹೇಳಲಿ. ಕಸ ಎತ್ತುವವರಿಗೂ ಅದನ್ನು ಗುರುತಿಸೋದು ಕಲಿಸಲಿ. ಯಾವ ಗೊಬ್ಬರ ಘಟಕ ಇದನ್ನು ತಗೊಳ್ಳುತ್ತೆ ಅನ್ನೋದನ್ನು ವಾರ್ಡ್‌ವಾರು ಪ್ರಕಟಿಸಲಿ.

— ಒಬ್ಬ ಓದುಗಿ, ಬೆಂಗಳೂರು