ಅಪ್ಪನ ಕಣ್ಣು ಮತ್ತು ಸೀಸದ ಪುಸ್ತಕ

ಓಸ್ಲೋ, ಭಾನುವಾರ ರಾತ್ರಿ

ಅಕ್ಕಾ,

ನಾನು ಚೆನ್ನಾಗಿದ್ದೇನೆ, ಅಲ್ಲಿ ಎಲ್ಲರೂ ಸೌಖ್ಯ ಅಂದುಕೊಳ್ಳುತ್ತೇನೆ. ನಿನ್ನ ಪತ್ರ ಓದಿ ಊಟ ಸೇರಲಿಲ್ಲ. ಎರಡೂ ಕಣ್ಣಿನ ಪೊರೆ ಬಲಿತಿದೆ ಅಂತ ಡಾಕ್ಟರು ಹೇಳಿದ ಮೇಲೂ ಅಪ್ಪ ‘ಪತ್ತನಾಜೆ ಕಳೆಯಲಿ, ಯಕ್ಷಗಾನದ ಆಟಗಳೆಲ್ಲ ಮುಗಿಯಲಿ’ ಅಂತಾರಾ? ಹೋದ ವರ್ಷ ‘ಅಡಿಕೆ ಸುಲಿದು ಆಗಲಿ’ ಅಂದಿದ್ದರು. ಆಟಕ್ಕೆ ಹೋಗಿ ಕೂತರೂ ವೇಷ ಕಾಣಬೇಡವಾ?

ಅದೇ ಯೋಚನೆಯಲ್ಲಿ ಇವತ್ತು ಇಲ್ಲಿನ ಆಸ್ಟ್ರುಪ್ ಫರ್ನ್‌ಲಿ ಮ್ಯೂಸಿಯಂಗೆ ಹೋದೆ. ಅಲ್ಲಿ ಎರಡು ದೊಡ್ಡ ಉಕ್ಕಿನ ಕಪಾಟು, ಟೈಗ್ರಿಸ್, ಯೂಫ್ರಟಿಸ್ ಅಂತ ನದಿಗಳ ಹೆಸರು ಅವಕ್ಕೆ. ಅವುಗಳ ತುಂಬ ಸುಮಾರು 200 ಪುಸ್ತಕ, ಎಲ್ಲಾ ಸೀಸದ್ದು! ಹೌದು ಮಾರಾಯ್ತಿ, ಬಲೆಗೆ ಗುಂಡು ಕಟ್ತಾರಲ್ಲ, ಅದೇ ಸೀಸ. ಆನ್ಸೆಲ್ಮ್ ಕೀಫರ್ ಅನ್ನುವ ಜರ್ಮನ್ ಕಲಾವಿದ 1985ರಿಂದ 1989ರವರೆಗೆ ಮಾಡಿದ್ದಂತೆ. ಹಾಳೆಗಳ ಅಂಚು ಸುಕ್ಕಾಗಿ, ಬಾಗಿ, ಬೂದಿ ಬಣ್ಣಕ್ಕೆ ತಿರುಗಿ, ಥೇಟ್ ನಮ್ಮ ಅಟ್ಟದಲ್ಲಿ ಮಳೆಗಾಲದ ಶೀತಕ್ಕೆ ಅಂಟಿಕೊಂಡ ಅಪ್ಪನ ಪ್ರಸಂಗ ಪುಸ್ತಕಗಳ ಹಾಗೆ. ಅಮ್ಮ ಅವನ್ನು ಬಚ್ಚಲೊಲೆಗೆ ಹಾಕ್ತೇನೆ ಅಂತಿದ್ದಳು. ಇಲ್ಲಿ ಮುಟ್ಟಲೂ ಬಿಡುವುದಿಲ್ಲ.

ಡೀಟರ್ ರೋಟ್ ಎಂಬ ಇನ್ನೊಬ್ಬ ಕಲಾವಿದನ ಕತೆ ಇನ್ನೂ ಮೇಲೆ. 1961ರಿಂದ ಅವನು ಪುಸ್ತಕ, ಪತ್ರಿಕೆಗಳನ್ನು ಅರೆದು, ಕೊಬ್ಬು, ಮಸಾಲೆ ಸೇರಿಸಿ, ಮಾಂಸದ ಬದಲು ಕಾಗದ ತುಂಬಿದ ಸಾಸೇಜ್ ಮಾಡಿದ. ಅಮ್ಮನಿಗೆ ಹೇಳಬೇಡ. ಓದಲಿಕ್ಕಾಗದ ಪುಸ್ತಕ ಯಾಕೆ ಅಂತ ಜೊತೆಗಿದ್ದವನು ನಕ್ಕ. ನನಗೆ ಸಿಟ್ಟು ಬಂತು. ನವರಾತ್ರಿಗೆ ನಾವು ಪುಸ್ತಕ ಪೂಜೆಗಿಟ್ಟು, ಬಿಡಿಸದೆ, ಬರೀ ಹೂ ಹಾಕಿ ಕೈ ಮುಗಿಯುವುದಿಲ್ವಾ?

ಆದರೆ ಅಪ್ಪನದ್ದು ಹಾಗಲ್ಲ. ‘ಪುಸ್ತಕ ಕೈಯಲ್ಲಿದ್ದರೆ ಸಾಕು, ಪದ ಬಾಯಿಗೆ ಬರ್ತದೆ’ ಅಂತ ನಿನ್ನ ಬಾಯಿ ಮುಚ್ಚಿಸಿದ್ದಾರಲ್ಲ, ಮೊನ್ನೆ ಅದನ್ನು ತಲೆಕೆಳಗಾಗಿ ಹಿಡಿದಿದ್ದರು ಅಂತ ನೀನೇ ಬರೆದಿದ್ದೀಯ. ಅದೊಂದು ಸಾಲನ್ನು ಎಷ್ಟು ಸಲ ಓದಿದೆನೋ.

ಭಾವನಿಗೆ ಹೇಳಿ ಈ ವಾರವೇ ಮಂಗಳೂರಿಗೆ ಕರ್ಕೊಂಡು ಹೋಗಿ. ಮೊದಲು ಶುಗರ್ ನೋಡಿಸಿ. ದುಡ್ಡಿನ ಯೋಚನೆ ಬೇಡ, ನಿನ್ನೆಯೇ ಹಾಕಿದ್ದೇನೆ, ನನಗಿಲ್ಲಿ ಏನೂ ಕಮ್ಮಿ ಇಲ್ಲ, ನಿಜವಾಗ್ಲೂ ಇಲ್ಲ. ಚಳಿಯೂ ಅಭ್ಯಾಸ ಆಯ್ತು. ಕೆಮ್ಮು ಇದ್ದದ್ದು ಹೋಯ್ತು ಅಂತಲೇ ಅಮ್ಮನಿಗೆ ಹೇಳು.

ಬಟ್ಟೆ ಒಗೆಯುವ ಮಿಷನ್ನಿಗೆ ನನ್ನ ಪಾಳಿ ಬಂತು, ಓಡ್ತೇನೆ. ಮಕ್ಕಳಿಗೆ ಮುತ್ತು.

ನಿನ್ನ ತಮ್ಮ